ಖಾಲಿ ಪಿಸ್ತೂಲಿನ ಪಾಠ

ನಾನು ಪಿಸ್ತೂಲು ಹೊಡೆಯುವುದನ್ನು ಕಲಿತದ್ದು ಗುಂಡಿಲ್ಲದೆ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ. ಪೊಲೀಸ್ ಪೇದೆಯಾಗಿ ಸೇರಿದ ಮೇಲೆ ನಗುವವರನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟಿದ್ದೇನೆ. ಸಿನಿಮಾದಲ್ಲಿ ಮಾತಿಗೊಂದು ಗುಂಡು ಹಾರಿಸುವ ಪೊಲೀಸರನ್ನು ನೋಡಿದವರಿಗೆ ನಮ್ಮ ಪಾಡು ತಿಳಿಯುವುದಿಲ್ಲ. ನಮಗೆ ವರ್ಷಕ್ಕೊಮ್ಮೆ ಫೈರಿಂಗ್. ನನ್ನ ಪಾಲಿಗೆ ಬರುತ್ತಿದ್ದದ್ದು ಹತ್ತು ಗುಂಡು. ಮಂಡ್ಯದಿಂದ ಬೆಳಿಗ್ಗೆ ವ್ಯಾನು ಹತ್ತಿ ಮಳವಳ್ಳಿ ಕಡೆಯ ಒಂದು ಬೋಳುಗುಡ್ಡದ ಬುಡಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಸರದಿ ಬಂದಾಗ ಡಬಡಬ ಹತ್ತು ಹೊಡೆದು, ಹತ್ತು ಕೋಕಾಗಳನ್ನೂ ಮಣ್ಣಿನಿಂದ ಹೆಕ್ಕಿ ಒಪ್ಪಿಸಿ, ಪಲಾವ್ ತಿಂದು ವಾಪಸ್ಸು. ಕೋಕಾ ಎಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪು. ಒಂದು ಕಮ್ಮಿ ಬಿದ್ದರೂ ಇಡೀ ಗುಂಪು ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಮತ್ತೆ ಪಿಸ್ತೂಲು ಮುಟ್ಟುವುದು ಮುಂದಿನ ವರ್ಷ. ಅಷ್ಟರಲ್ಲಿ ಕೈಗೆ ಅದರ ತೂಕವೇ ಮರೆತುಹೋಗಿರುತ್ತಿತ್ತು.

ಇದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಗುಂಡು ದುಬಾರಿ, ಬರುವುದೂ ಕಮ್ಮಿ. ಬಂದದ್ದು ಮೊದಲು ಕಾವಲಿಗೆ, ಬಂದೋಬಸ್ತಿಗೆ. ಅಭ್ಯಾಸಕ್ಕೆ ಏನಾದರೂ ಮಿಕ್ಕಿದರೆ ಉಂಟು.

ನನಗೆ ಕಲಿಸಿದವರು ನಮ್ಮ ಶಸ್ತ್ರಾಗಾರದ ಹೆಡ್ ಕಾನ್‌ಸ್ಟೇಬಲ್. ಹಳೆಯ ರೂಢಿಯಂತೆ ನಾವೆಲ್ಲ ಅವರನ್ನು ದಫೇದಾರರು ಎನ್ನುತ್ತಿದ್ದೆವು. ಸೋಮನಹಳ್ಳಿಯವರು. ಬೆಳಿಗ್ಗೆ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು ಸಂಜೆ ಊರಿಗೆ ಹೋಗುವರು. ಕುಳ್ಳಗಿನ ಮೈ, ಬೆರಳ ಸಂದಿಗಳಲ್ಲಿ ಎಷ್ಟು ಉಜ್ಜಿದರೂ ಹೋಗದ ಎಣ್ಣೆಕಪ್ಪು. ಬಂದೂಕು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಜೋಡಿಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಅವರಿಗೊಂದು ಹಟದ ನಂಬಿಕೆ ಇತ್ತು: ಗುಂಡು ಇಲ್ಲದೆಯೂ ಒಬ್ಬ ಮನುಷ್ಯನನ್ನು ಗುರಿಗಾರನನ್ನಾಗಿ ಮಾಡಬಹುದು ಎಂಬುದು.

"ಗುಂಡು ಕಡೇ ಮಾತು ಕಣವ್ವ" ಎನ್ನುತ್ತಿದ್ದರು. "ಅದು ಈಚ್ಗೆ ಬರೋ ಒತ್ಗೆ ಎಲ್ಲಾ ಮುಗ್ದೋಗಿರ್ತದೆ. ನಿಂತ್ಕಳಾದು, ಉಸ್ರು ಇಡ್ಕಳಾದು, ಬೆಳ್ಳು ಇಂಡಾದು. ಇವ್ಕೆಲ್ಲಾ ಗುಂಡ್ಯಾಕೆ?"

ಬ್ಯಾರಕ್ಕಿನಲ್ಲಿ ಅವರನ್ನು ಗೇಲಿ ಮಾಡದವರಿಲ್ಲ. ಎಣ್ಣೆ ಇಲ್ಲದೆ ಬೋಂಡಾ ಕರೆಯುವ ದಫೇದಾರರು ಎಂದು ಒಬ್ಬ ಹೆಸರಿಟ್ಟಿದ್ದ. ಅವರ ಎದುರಿಗೇ ಅನ್ನುತ್ತಿದ್ದರು. ದಫೇದಾರರು ನಕ್ಕು, ಪಿಸ್ತೂಲಿನ ನಳಿಗೆಯೊಳಗೆ ಚಿಂದಿ ತೂರಿಸುತ್ತಾ ಕೂರುತ್ತಿದ್ದರು. ಕಲಿಯುತ್ತೇನೆ ಎಂದು ಬಂದ ಒಬ್ಬಿಬ್ಬರು ವಾರದಲ್ಲೇ ಬೇಸತ್ತು ಬಿಟ್ಟಿದ್ದರು. ಸದ್ದಿಲ್ಲ, ಹೊಗೆಯಿಲ್ಲ, ಗುರಿಯ ಬೋರ್ಡಿನಲ್ಲಿ ತೂತಿಲ್ಲ. ಯಾರಿಗೆ ಬೇಕು?

ನಾನು ಅವರ ಕೈಗೆ ಸಿಕ್ಕಿದ್ದು ಜಗಳದಿಂದ. ಒಂದು ವರ್ಷದ ಫೈರಿಂಗಿನಲ್ಲಿ ನನ್ನ ಹತ್ತಕ್ಕೆ ಎಂಟು ಗುಂಡು ಬೋರ್ಡಿನ ಕೆಳಗಿನ ಎಡ ಮೂಲೆಗೆ ಬಿದ್ದವು. ಉಳಿದೆರಡು ಗುಡ್ಡಕ್ಕೆ ಹೋದವು. ನನಗೆ ಸಿಟ್ಟು ಬೇಗ ಬರುತ್ತದೆ. ಸೀದಾ ಅವರ ಮುಂದೆ ಹೋಗಿ, ಪಿಸ್ತೂಲೇ ಸೊಟ್ಟ ಇದೆ, ಇದನ್ನು ಯಾರು ರಿಪೇರಿ ಮಾಡಿದ್ದು ಎಂದು ಕೇಳಿದೆ. ಅವರನ್ನೇ ಕೇಳುತ್ತಿದ್ದೇನೆ ಎಂದು ಗೊತ್ತಿದ್ದೇ ಕೇಳಿದೆ. ಅವರು ಪಿಸ್ತೂಲು ಈಸಿಕೊಂಡು, ಬೆನ್ನು ತಿರುಗಿಸಿ ಏನೋ ಮಾಡಿ, ನನ್ನ ಕೈಗಿಟ್ಟು, "ಒಂದ್ ಗುಂಡು ಮಡಗಿವ್ನಿ, ಹೊಡಿ" ಎಂದರು. ನಾನು ಗುರಿ ಹಿಡಿದು ಟ್ರಿಗರ್ ಎಳೆದೆ. ಟಿಕ್ ಎಂದಿತು ಅಷ್ಟೆ, ಒಳಗೆ ಗುಂಡೇ ಇರಲಿಲ್ಲ. ಆದರೆ ಪಿಸ್ತೂಲಿನ ಮೂತಿ ನನ್ನ ಕಣ್ಣೆದುರಿಗೇ ಒಂದು ಗೇಣು ಎಡಕ್ಕೆ, ಕೆಳಕ್ಕೆ ಕುಸಿಯಿತು.

"ನೋಡ್ದಾ? ಸೊಟ್ಟ ಇರಾದು ಪಿಸ್ತೂಲಲ್ಲ ಕಣವ್ವ, ನೀನು."

ಸುತ್ತ ಇದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ನಿಜ. ಮಾರನೆಯ ದಿನ ನಾನೇ ಶಸ್ತ್ರಾಗಾರದ ಬಾಗಿಲಿಗೆ ಹೋಗಿ ನಿಂತೆ.

ಆಗ ನನಗೆ ಮೂವತ್ತನಾಲ್ಕು. ತವರು ಹಲಗೂರಿನ ಹತ್ತಿರದ ಹಳ್ಳಿ, ವಾಸ ಮಂಡ್ಯದ ಕ್ವಾರ್ಟರ್ಸ್. ಕೆಲಸ ಎಸ್ಕಾರ್ಟು. ವಿಚಾರಣೆಗೆ ಹೋಗುವ ಹೆಂಗಸರನ್ನು ಜೈಲಿನಿಂದ ಮದ್ದೂರು, ಮಳವಳ್ಳಿಯ ಕೋರ್ಟುಗಳಿಗೆ ಕರೆದೊಯ್ದು, ಜಗಲಿಯಲ್ಲಿ ಅವರ ಪಕ್ಕ ದಿನವಿಡೀ ಕುಳಿತು, ಮುಂದಿನ ತಾರೀಖು ಕೇಳಿಸಿಕೊಂಡು ವಾಪಸ್ಸು ತರುವುದು. ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ. ಯಾರೂ ನನ್ನನ್ನು ಇನ್ನೇನಾದರೂ ಮಾಡು ಎಂದಿರಲಿಲ್ಲ, ನನಗೂ ಇನ್ನೇನಾದರೂ ಬರುತ್ತದೆ ಎಂದು ಅನಿಸಿರಲಿಲ್ಲ.

ಒಂದು ವರ್ಷ ಕಲಿತ ಮೇಲೆ, ದಫೇದಾರರ ನಿವೃತ್ತಿಗೆ ಆರು ತಿಂಗಳಿದೆ ಅನ್ನುವಾಗ, ಪೊಲೀಸರ ಫೈರಿಂಗ್ ಸ್ಪರ್ಧೆಗೆ ನಮ್ಮಲ್ಲಿಂದ ಒಬ್ಬ ಹೆಂಗಸನ್ನು ಕಳಿಸಬೇಕಾಗಿ ಬಂತು. ದಫೇದಾರರು ನನ್ನನ್ನು ಕರೆದುಕೊಂಡು ನಮ್ಮ ಮೇಲಧಿಕಾರಿ ಸಾಹೇಬರ ಮುಂದೆ ಹೋದರು. ಜೊತೆಗೆ ಇನ್ನೊಂದು ಬಿನ್ನಹವನ್ನೂ ಇಟ್ಟರು. ತಾವು ಹೋದ ಮೇಲೆ ಖಾಲಿ ಪಿಸ್ತೂಲಿನ ಅಭ್ಯಾಸ ನಿಂತುಹೋಗಬಾರದು, ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ದಿನಾ ಅರ್ಧ ಗಂಟೆ ಕಲಿಸುವ ಕೆಲಸವನ್ನು ಈ ಹೆಣ್ಣುಮಗಳಿಗೆ ವಹಿಸಿ, ಎಂದರು. ಸಾಹೇಬರು ಒಳ್ಳೆಯವರೇ. ಯೋಚಿಸಿ ಒಂದು ಮಾತು ಹೇಳಿದರು.

"ಈಕೆ ಮೊದಲ ಮೂರರೊಳಗೆ ಬರಲಿ ದಫೇದಾರ್ರೇ. ಬಂದರೆ ನಿಮ್ಮ ಪಾಠ ಇಲ್ಲಿ ಉಳಿಯುತ್ತೆ, ಕಲಿಸೋದಕ್ಕೆ ಇವಳನ್ನೇ ಹಾಕ್ತೀನಿ. ಬರದಿದ್ದರೆ ಈ ಮಾತು ಇಲ್ಲಿಗೆ ಬಿಡೋಣ."

ನ್ಯಾಯವಾದ ಮಾತು. ಹೊರಗೆ ಬಂದ ಮೇಲೆ ದಫೇದಾರರ ಮುಖ ನೋಡಿದೆ. ಮೂವತ್ತು ವರ್ಷ ಗೇಲಿ ಮಾಡಿಸಿಕೊಂಡ ಮನುಷ್ಯನಿಗೆ ಮೊದಲ ಸಲ ಯಾರೋ ಸರಿ, ತೋರಿಸು ಅಂದಿದ್ದರು. ತೋರಿಸಬೇಕಾದವಳು ನಾನು.

ಅಲ್ಲಿಂದ, ಸಾಹೇಬರ ಅಪ್ಪಣೆಯ ಮೇಲೆ, ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಒಂದು ಗಂಟೆ ಶಸ್ತ್ರಾಗಾರದ ಹಿಂದಿನ ಗೋಡೆಯ ಮುಂದೆ ನಿಲ್ಲುತ್ತಿದ್ದೆ. ದಫೇದಾರರು ಪಿಸ್ತೂಲು ಖಾಲಿ ಇರುವುದನ್ನು ತಾವು ಒಮ್ಮೆ ನೋಡಿ, ನನಗೊಮ್ಮೆ ತೋರಿಸಿ, ಒಳಗೆ ಕಿರುಬೆರಳು ಹಾಕಿ ಮುಟ್ಟಿಸಿ, ಆಮೇಲೆ ಕೊಡುವರು. ಒಂದು ವರ್ಷದ ಹಿಂದೆ ಕಲಿಯಲು ಹೋದಾಗ ಮೊದಲ ಹದಿನೈದು ದಿನ ಟ್ರಿಗರ್ ಮುಟ್ಟಲೇ ಬಿಟ್ಟಿರಲಿಲ್ಲ. ಸುಣ್ಣ ಬಳಿದ ಬಿಳಿ ಗೋಡೆ, ಗುರಿಯ ಗುರುತು ಏನೂ ಇಲ್ಲ. ಗುರಿ ಇದ್ದರೆ ಕಣ್ಣು ಅದರ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ಪಿಸ್ತೂಲಿನ ಮೂತಿಯ ಮೇಲಿನ ಸಣ್ಣ ಮೊನೆಯನ್ನೇ ನೋಡಬೇಕಾಗುತ್ತದೆ, ನೋಡಬೇಕಾದ್ದೂ ಅದನ್ನೇ. ಆಮೇಲೆ ಮೂತಿಯ ಮೇಲೆ ಒಂದು ರೂಪಾಯಿಯ ನಾಣ್ಯ ಮಲಗಿಸಿದ್ದರು. ಟಿಕ್ ಅಂದಾಗ ನಾಣ್ಯ ಬೀಳಬಾರದು. ಮೊದಲ ದಿನ ಅದು ಎಷ್ಟು ಸಲ ಬಿತ್ತೆಂದರೆ, ಬಗ್ಗಿ ಎತ್ತಿಕೊಂಡು ಸೊಂಟ ಹಿಡಿಯಿತು.

"ಎಳೀಬ್ಯಾಡ. ಇಂಡು" ಎನ್ನುತ್ತಿದ್ದರು. "ಅಸಾ ಕರ್ದಿದ್ದೀಯಾ ಇಲ್ವಾ? ಮೊಲೆ ಜಗ್ಗಿದ್ರೆ ಒದೀತದೆ. ವಸಿ ವಸಿಯಾಗಿ ಮುಷ್ಟಿ ಮುಚ್ಚು. ಯಾವಾಗ ಟಿಕ್ ಅಂತು ಅಂತ ನಿಂಗೇ ಗೊತ್ತಾಗ್ಬಾರ್ದು."

ಮನೆಗೆ ಪಿಸ್ತೂಲು ಒಯ್ಯುವಂತಿಲ್ಲ. ಅದಕ್ಕೆ ಅವರೇ ಬಾಗೆಮರದಲ್ಲಿ ಒಂದು ಪಿಸ್ತೂಲು ಕೆತ್ತಿ, ಹಿಡಿಯೊಳಗೆ ಸೀಸ ಹೊಯ್ದು, ತಕ್ಕಡಿಯಲ್ಲಿಟ್ಟು ತೂಕ ಸರಿಮಾಡಿ ಕೊಟ್ಟಿದ್ದರು. ಸಂಜೆ ಅಡುಗೆಗೆ ಮುಂಚೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಜಾರದ ಗೋಡೆಗೆ ಗುರಿಯಿಟ್ಟು, ತೋಳು ನಡುಗುವವರೆಗೆ ನಿಲ್ಲುತ್ತಿದ್ದೆ. ನನ್ನ ಅತ್ತೆಗೆ ಇದು ದೊಡ್ಡ ತಮಾಷೆ.

"ಅಯ್ಯೋ ಸಿವ್ನೆ, ಆ ಗ್ವಾಡೆ ನಿಂಗೇನ್ ಮಾಡ್ತವ್ವ?" ಎನ್ನುವರು. "ತೋಳ್ಗೆ ಅಷ್ಟೊಂದ್ ಕಸರತ್ತು ಬೇಕಿದ್ರೆ ಬಾ, ಮುದ್ದೆ ತೊಳ್ಸು. ಒಟ್ಟೆಗಾದ್ರೂ ಆಯ್ತದೆ."

ನಾನೂ ನಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಬೇಗ ನಗು ಬರುತ್ತಿತ್ತು. ಕೋರ್ಟಿನ ಜಗಲಿಯಲ್ಲಿ ಕುಳಿತಿದ್ದಾಗಲೂ ಬಲಗೈಯ ತೋರುಬೆರಳು ತೊಡೆಯ ಮೇಲೆ ಮೆಲ್ಲಗೆ ಮಡಚುತ್ತಿತ್ತು. ನನಗೆ ಒಂದು ವಿದ್ಯೆ ಬರುತ್ತಿದೆ, ನನ್ನ ಕೈಗೆ ಬರುತ್ತಿದೆ ಎಂದು ಸಂತೋಷವಾಗುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ನಿಜವಾದ ಗುಂಡು ಹಾರಿದಾಗ ಅದರ ಹೊಡೆತಕ್ಕೇ ಪಿಸ್ತೂಲಿನ ಮೇಲ್ಭಾಗ, ಅದನ್ನು ನಾವು ಸ್ಲೈಡು ಎನ್ನುತ್ತೇವೆ, ಹಿಂದಕ್ಕೆ ಸರಿದು, ಕೋಕಾ ಎಸೆದು, ಮುಂದಿನ ಗುಂಡನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಹೊಡೆಯುವವರು ಮತ್ತೆ ಟ್ರಿಗರ್ ಹಿಂಡಿದರೆ ಸಾಕು. ಖಾಲಿ ಪಿಸ್ತೂಲು ಹಾಗೆ ಮಾಡುವುದಿಲ್ಲ. ಪ್ರತಿ ಟಿಕ್ ಆದ ಮೇಲೆ ಎಡಗೈಯಿಂದ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಟ್ಟರೇ ಟ್ರಿಗರಿಗೆ ಮತ್ತೆ ಜೀವ. ಇದು ಕಾಕ್ ಮಾಡುವುದು. ಮ್ಯಾಗಜೀನು, ಅಂದರೆ ಗುಂಡು ತುಂಬುವ ಡಬ್ಬಿ, ಖಾಲಿ ಇದ್ದರೆ ಸ್ಲೈಡು ಹಿಂದೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗಾಗದಂತೆ ದಫೇದಾರರು ಒಂದು ಮ್ಯಾಗಜೀನಿನೊಳಗೆ ಸಣ್ಣ ಮರದ ತುಂಡು ಕೊರೆದು ಕೂರಿಸಿದ್ದರು. ಆ ತುಂಡಿನ ಬಗ್ಗೆ ಅವರಿಗೆ ಹೆಮ್ಮೆ. ಇಂಥದ್ದನ್ನು ಇನ್ನೆಲ್ಲೂ ನೋಡಿಲ್ಲ ಎಂದು ಬೇರೆ ಕಡೆಯಿಂದ ಬಂದ, ಬಂದೂಕು ರಿಪೇರಿ ಮಾಡುವ ಒಬ್ಬ ಆರ್ಮರರ್ ಹೇಳಿದ್ದನ್ನು ನನಗೆ ಮೂರು ಸಲ ಹೇಳಿದ್ದರು.

ಸ್ಪರ್ಧೆಯಲ್ಲಿ ಎರಡು ಭಾಗ. ಮೊದಲನೆಯದು ನಿಧಾನದ್ದು, ಹತ್ತು ಗುಂಡಿಗೆ ಬೇಕಾದಷ್ಟು ಹೊತ್ತು. ಎರಡನೆಯದು ಅವಸರದ್ದು, ಇಪ್ಪತ್ತು ಸೆಕೆಂಡಿನಲ್ಲಿ ಐದು ಗುಂಡು, ಅಂಥವು ಎರಡು ಸುತ್ತು. ಅವಸರದ್ದಕ್ಕೆ ದಫೇದಾರರು ಮೊಬೈಲಿನಲ್ಲಿ ಟೈಮು ಇಟ್ಟುಕೊಂಡು ಪಕ್ಕದಲ್ಲಿ ನಿಲ್ಲುವರು. ಟಿಕ್, ಕಾಕ್, ಗುರಿ. ಟಿಕ್, ಕಾಕ್, ಗುರಿ. ಮೊದಮೊದಲು ಇಪ್ಪತ್ತು ಸೆಕೆಂಡಿಗೆ ಮೂರೇ ಆಗುತ್ತಿತ್ತು. ಮೂರನೇ ತಿಂಗಳಿಗೆ ಐದನ್ನೂ ಮುಗಿಸಿ ಎರಡು ಸೆಕೆಂಡು ಉಳಿಸುತ್ತಿದ್ದೆ. ಎಡಗೈ ಎಷ್ಟು ಚುರುಕಾಯಿತೆಂದರೆ, ಸ್ಲೈಡನ್ನು ಯಾವಾಗ ಎಳೆದೆ ಎಂದು ನನಗೇ ತಿಳಿಯುತ್ತಿರಲಿಲ್ಲ.

"ಅಲ್ಲಿ ಎಳಿಯೋ ಕೆಲ್ಸವೂ ಇರಾಕಿಲ್ಲ" ಎಂದು ದಫೇದಾರರು ಮೊಬೈಲು ಜೇಬಿಗಿಟ್ಟುಕೊಂಡು ಹೇಳಿದರು. "ಬೇರೇರ್ಗೆ ಟೈಮು ಸಾಲಾಕಿಲ್ಲ, ನಿಂಗೆ ಮಿಗ್ತದೆ ನೋಡು."

ಗುಂಡಿಲ್ಲದೆಯೇ ಕಲಿಸಿದರೂ ಕೊನೆಗೆ ಒಂದಿಷ್ಟು ಹೊಡೆದು ನೋಡಲೇಬೇಕು. ನನ್ನ ಪಾಲಿನ ಹತ್ತು ಇದ್ದವು. ಸ್ಪರ್ಧೆಗೆಂದು ಸಾಹೇಬರು ಇನ್ನೊಂದು ಹತ್ತು ಕೊಟ್ಟರು. ಆಮೇಲೆ ದಫೇದಾರರು, ಈ ವರ್ಷದ ನನ್ನ ಹತ್ತನ್ನೂ ಇವಳಿಗೇ ಕೊಡಿ ಸ್ವಾಮಿ ಎಂದು ಬರೆದುಕೊಟ್ಟರು. ಅದು ಅವರ ಸರ್ವೀಸಿನ ಕಡೆಯ ಫೈರಿಂಗ್. ನಾನು ಬೇಡ ಎಂದೆ. "ಮೂವತ್ತೊರ್ಸ ಒಡ್ದಿವ್ನಿ, ಬುಡು" ಎಂದರು.

ಹಾಗೆ ಮೂವತ್ತು ಗುಂಡು. ಮೂರು ಮುಂಜಾನೆ ಆ ಬೋಳುಗುಡ್ಡದ ಬುಡಕ್ಕೆ ಹೋದೆವು, ಒಂದೊಂದು ಸಲ ಹತ್ತು. ದಫೇದಾರರು ಮ್ಯಾಗಜೀನಿಗೆ ಒಂದೇ ಒಂದು ಗುಂಡು ತುಂಬಿ ಕೊಡುತ್ತಿದ್ದರು. ನಾನು ಹೊಡೆಯುವೆ. ಗುಂಡು ಮುಗಿದದ್ದರಿಂದ ಸ್ಲೈಡು ಹಿಂದೆಯೇ ನಿಲ್ಲುವುದು. ಎಡಗೈ ಅಲ್ಲಿಗೆ ಹೋದರೂ ಎಳೆಯಲು ಏನೂ ಇರುತ್ತಿರಲಿಲ್ಲ. ಆಮೇಲೆ ಇಬ್ಬರೂ ಬೋರ್ಡಿನವರೆಗೂ ನಡೆದುಹೋಗಿ ತೂತು ನೋಡುವುದು. ಯಾಕೆ ಅಲ್ಲಿ ಬಿತ್ತು, ಉಸಿರು ಯಾವಾಗ ಬಿಟ್ಟೆ, ಬೆರಳು ಎಲ್ಲಿತ್ತು ಎಂದು ಅವರು ಕೇಳುವುದು. ಮತ್ತೆ ವಾಪಸ್ಸು ನಡೆದು ಬರುವುದು. ಒಂದು ಗುಂಡಿಗೆ ಕಾಲು ಗಂಟೆ. ಒಂದು ಸಲ ನಾನೇ ಕೇಳಿದೆ, ಎರಡೆರಡು ತುಂಬಿದರೆ ಬೇಗ ಆಗುತ್ತದಲ್ಲ ಎಂದು.

"ಎಲ್ಡು ಮಡಗಿದ್ರೆ ಎಲ್ಡನೇದು ಅವಸರಕ್ಕೆ ಓಯ್ತದೆ" ಎಂದರು. "ಒಂದೇ ಇದ್ರೆ ಅದ್ಕೆ ಮರ್ವಾದೆ ಕೊಡ್ತೀಯ. ನಮ್ತಾವ ಇರಾದೇ ಇಷ್ಟು ಕಣವ್ವ. ಒಂದೂ ದಂಡ ಆಗ್ಬಾರ್ದು."

ಒಂದೂ ದಂಡವಾಗಲಿಲ್ಲ. ಮೂರನೇ ಮುಂಜಾನೆಯ ಹತ್ತು ತೂತುಗಳನ್ನು ನನ್ನ ಅಂಗೈಯಲ್ಲಿ ಮುಚ್ಚಬಹುದಿತ್ತು. ದಫೇದಾರರು ಆ ಕಾಗದವನ್ನು ಬೋರ್ಡಿನಿಂದ ಬಿಡಿಸಿ, ಮಡಚಿ, ಎದೆಯ ಜೇಬಿನಲ್ಲಿಟ್ಟುಕೊಂಡರು. ಮಳವಳ್ಳಿಯಲ್ಲಿ ವ್ಯಾನು ನಿಲ್ಲಿಸಿ ನನಗೂ ಡ್ರೈವರಿಗೂ ಕಾಫಿ ಕೊಡಿಸಿದರು. ಆ ಮನುಷ್ಯ ಕೈಬಿಚ್ಚಿ ಕಾಫಿ ಕೊಡಿಸಿದ್ದನ್ನು ಡ್ರೈವರು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಸ್ಪರ್ಧೆ ನಡೆದದ್ದು ದೂರದ ಊರಿನಲ್ಲಿ. ಶಸ್ತ್ರಾಗಾರದ ಬೀಗದ ಕೈ ದಫೇದಾರರದೇ ಆದ್ದರಿಂದ ಅವರು ಬರಲಾಗಲಿಲ್ಲ. ನಿಧಾನದ ಭಾಗದಲ್ಲಿ ನಾನು ಹತ್ತು ಗುಂಡನ್ನೂ ನನ್ನ ರೂಢಿಯಂತೆ ಒಂದೊಂದಾಗಿ ತುಂಬಿಕೊಂಡು ಹೊಡೆದೆ. ಪಕ್ಕದ ಲೇನಿನಲ್ಲಿ ಹೊಡೆಯುತ್ತಿದ್ದವಳು ವಿಚಿತ್ರವಾಗಿ ನೋಡಿದಳು, ಆದರೆ ಹಾಗೆ ತುಂಬಬಾರದೆಂಬ ನಿಯಮವಿರಲಿಲ್ಲ. ಅಂಕ ಹಾಕಿದಾಗ ನಾನು ಎರಡನೆಯವಳು. ದಫೇದಾರರಿಗೆ ಫೋನು ಮಾಡಿ ಹೇಳಿದೆ. ಎಷ್ಟು ಅಂಕ ಎಂದು ಎರಡು ಸಲ ಕೇಳಿದರು. ಆಮೇಲೆ "ನೀರು ಕುಡಿ, ಬಿಸ್ಲಾಗೆ ನಿಂತ್ಕಬ್ಯಾಡ" ಎಂದರು.

ಅವಸರದ ಭಾಗಕ್ಕೆ ಐದು ಗುಂಡು ಒಟ್ಟಿಗೆ ತುಂಬಬೇಕು. ತುಂಬಿದೆ. ಕೈ ನಡುಗುತ್ತಿರಲಿಲ್ಲ. ಸೀಟಿ ಆಯಿತು. ಮೊನೆ ನೋಡಿದೆ, ಹಿಂಡಿದೆ, ಹೊಡೆತ ಸರಿಯಾಗಿತ್ತು, ಅದು ಕೈಗೇ ಗೊತ್ತಾಗುತ್ತದೆ. ಮತ್ತೆ ಗುರಿ, ಮತ್ತೆ ಹಿಂಡಿದೆ. ಮತ್ತೆ. ಮೂರನೆಯದಾದ ಮೇಲೆ ಸ್ಲೈಡು ಹಿಂದೆ ನಿಂತುಬಿಟ್ಟಿತು. ಪಿಸ್ತೂಲು ಖಾಲಿ. ಇದೇನು, ಗುಂಡು ಕಮ್ಮಿ ಕೊಟ್ಟಿದ್ದಾರಾ ಎಂದು ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಹೊತ್ತು ಮುಗಿದ ಸೀಟಿ ಆಯಿತು. ಲೇನಿನ ಅಧಿಕಾರಿ ಬಗ್ಗಿ ನನ್ನ ಬಲಗಾಲಿನ ಪಕ್ಕದ ಮರಳಿನಿಂದ ಏನನ್ನೋ ಎತ್ತಿ, ಊದಿ, ನನ್ನ ಮುಂದೆ ಹಿಡಿದರು. ಎರಡು ಗುಂಡು. ಕೋಕಾಗಳಲ್ಲ, ಹಾರದ, ಇಡೀ ಗುಂಡುಗಳು.

"ಇವು ನಿಮ್ಮವೇ ಅಲ್ವಾ? ಪ್ರತಿ ಸಲ ಯಾಕಮ್ಮ ಕಾಕ್ ಮಾಡಿದ್ರಿ?"

ಸ್ಲೈಡು ತಾನಾಗಿಯೇ ಒಳಗೆಳೆದುಕೊಂಡ ಗುಂಡನ್ನು ನನ್ನ ಎಡಗೈ ಎಳೆದು ಹೊರಗೆಸೆದಿತ್ತು. ನನಗೆ ತಿಳಿಯಲೇ ಇಲ್ಲ. ನೆಲಕ್ಕೆ ಬಿದ್ದ ಗುಂಡಿಗೆ ಸೊನ್ನೆ. ಎರಡನೆಯ ಸುತ್ತಿನಲ್ಲಿ ಎಳೆಯಬಾರದು, ಎಳೆಯಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಿಂತೆ. ಮೊದಲ ಗುಂಡು ಹಾರಿದ ತಕ್ಷಣ ಎಡಗೈ ಎದ್ದೇಬಿಟ್ಟಿತು. ಅದನ್ನು ಹಿಡಿದು ಕೆಳಗಿಳಿಸುವಷ್ಟರಲ್ಲಿ ಗುರಿ ತಪ್ಪಿತು, ಉಸಿರು ತಪ್ಪಿತು. ಉಳಿದವು ಎಲ್ಲಿ ಹೋದವೋ ನಾನು ನೋಡಲಿಲ್ಲ. ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವಳು ನಾನು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಎಲ್ಲ ಬಿಡಿಬಿಡಿಯಾಗಿ ಹೊಳೆಯಿತು. ಗುಂಡು ಕಮ್ಮಿ ಎಂದು ಖಾಲಿ ಹೊಡೆದೆವು. ಖಾಲಿ ಹೊಡೆದದ್ದರಿಂದ ಎಳೆಯುವ ಅಭ್ಯಾಸವಾಯಿತು. ಗುಂಡು ಕಮ್ಮಿ ಎಂದೇ ಒಂದೊಂದಾಗಿ ತುಂಬಿದೆವು. ಒಂದೊಂದಾಗಿ ತುಂಬಿದ್ದರಿಂದ ಆ ಅಭ್ಯಾಸ ಕಣ್ಣಿಗೆ ಬೀಳಲೇ ಇಲ್ಲ. ಆ ಮೂವತ್ತರಲ್ಲಿ ಒಂದೇ ಒಂದು ಸಲ ಎರಡು ಗುಂಡು ಒಟ್ಟಿಗೆ ತುಂಬಿದ್ದರೆ ಒಂದು ಗುಂಡು ಕಾಲ ಬಳಿ ಬೀಳುತ್ತಿತ್ತು, ದಫೇದಾರರು ಬೈಯುತ್ತಿದ್ದರು, ವಾರದಲ್ಲಿ ಸರಿಹೋಗುತ್ತಿತ್ತು. ಅಷ್ಟೇ ವಿಷಯ. ಅಷ್ಟು ಸಣ್ಣ ವಿಷಯ. ನಾನು ಸೆರಗಿಲ್ಲದ ಯೂನಿಫಾರ್ಮಿನಲ್ಲಿ, ಕ್ಯಾಪನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಅವರಿಗೆ ಫೋನಿನಲ್ಲಿ "ಆಗ್ಲಿಲ್ಲ" ಎಂದಷ್ಟೇ ಹೇಳಿದ್ದೆ. ಭಾನುವಾರ ಸೋಮನಹಳ್ಳಿಯ ಅವರ ಮನೆಗೆ ಹೋದೆ. ಹೆದ್ದಾರಿಗೆ ಹತ್ತಿರದ ಮನೆ, ಲಾರಿ ಹೋದಾಗಲೆಲ್ಲ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ದಫೇದಾರರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕುಳಿತಿದ್ದರು. ಅವರ ಹೆಂಡತಿ ಒಂದು ತಟ್ಟೆಯಲ್ಲಿ ನಿಪ್ಪಟ್ಟು ತಂದಿಟ್ಟು, ನನ್ನ ಮುಖ ನೋಡಿ ಒಳಗೆ ಹೋದರು.

"ಎದೆ ನಡುಗ್ತು ಅಂತ ಕಾಣ್ತದೆ" ಎಂದರು ದಫೇದಾರರು, ಮೆತ್ತಗೆ. "ಆಯ್ತದೆ ಕಣವ್ವ. ಅಷ್ಟೊಂದ್ ಜನದ ಮುಂದೆ ನಿಂತ್ಕಂಡ್ರೆ ಎಂಥೋರ್ಗೂ ಎದ್ರಿಕೆ ಆಯ್ತದೆ. ಪಾಠ ಸರಿಯಾಗೇ ಇತ್ತು. ಮೊದಲ್ನೇದ್ರಾಗೆ ಎಲ್ಡ್ನೇವ್ಳಾಗಿ ಬರ್ನಿಲ್ವಾ?"

ಅಲ್ಲಿಗೇ ಬಿಡಬಹುದಿತ್ತು. ಹೌದು ದಫೇದಾರ್ರೇ, ಹೆದರಿಕೆಯಾಯಿತು ಎಂದು ನಿಪ್ಪಟ್ಟು ತಿಂದು ಬರಬಹುದಿತ್ತು. ಅವರ ಪಾಠ ಅವರ ಪಾಲಿಗೆ ಉಳಿಯುತ್ತಿತ್ತು. ಈಗಲೂ ಆ ಜಗಲಿಯ ಮೇಲೆ ನನ್ನನ್ನು ಕೂರಿಸಿ, ಬಾಯಿ ಮುಚ್ಚಿಕೊಂಡಿರು ಎಂದು ನನಗೇ ಹೇಳುತ್ತಿರುತ್ತೇನೆ. ಆದರೆ ನಾನು ಹೆದರುಪುಕ್ಕಲಿ ಎನ್ನಿಸಿಕೊಳ್ಳುವವಳಲ್ಲ. ಅದೊಂದು ಮಾತು ನನಗೆ ಆಗಿಬರುವುದಿಲ್ಲ. ಅವರು ಸಮಾಧಾನಕ್ಕೆ ಹೇಳಿದ್ದೇ ನನಗೆ ಚುಚ್ಚಿತು.

"ನಾನು ಎದರ್ನಿಲ್ಲ ದಫೇದಾರ್ರೇ" ಎಂದೆ. "ಕೈ ನಡುಗ್ಲೂ ಇಲ್ಲ. ಕಾಕ್ ಮಾಡ್ದೆ. ಪ್ರತಿ ಗುಂಡಿಗೂ ಕಾಕ್ ಮಾಡ್ದೆ. ಎಲ್ಡು ಗುಂಡು ಕೆಳುಕ್ ಬಿದ್ದೋದ್ವು."

ಅವರ ಮೊದಲ ಮಾತು ಶಸ್ತ್ರಾಗಾರದವರ ಮಾತೇ. "ಬಿದ್ದ ಗುಂಡು ಎತ್ಕೊಟ್ಯಾ?"

"ಅವ್ರೇ ಎತ್ಕಂಡ್ರು."

ಆಮೇಲೆ ಅವರ ಬಲಗೈ ಬರಿದೇ ಪಿಸ್ತೂಲು ಹಿಡಿದಂತೆ ಮಡಚಿಕೊಂಡಿತು. ತೋರುಬೆರಳು ಮೆಲ್ಲಗೆ ಹಿಂಡಿತು. ಹಿಂಡಿದ ಕೂಡಲೇ ಎಡಗೈ ಎದ್ದು ಬಂದು ಗಾಳಿಯನ್ನು ಎಳೆಯಿತು. ಅವರು ತಮ್ಮ ಎಡಗೈಯನ್ನೇ ನೋಡುತ್ತಾ ಕುಳಿತರು. ನಾನು ಏನೂ ಹೇಳಬೇಕಾಗಲಿಲ್ಲ.

"ಒಂದೊಂದೇ ತುಂಬ್ಕೊಟ್ಟೋನು ನಾನೇಯ" ಎಂದರು ಕಡೆಗೆ. "ನೀ ಕೇಳ್ದೆ, ಎಲ್ಡು ಮಡಗಿ ಅಂತ. ನಾನೇ ಬ್ಯಾಡ ಅಂದೆ."

"ಈಗ ಗೊತ್ತಾಯ್ತಲ್ಲ, ಸರಿ ಮಾಡ್ಕಬೋದು" ಎಂದೆ. "ಡಮ್ಮಿ ಗುಂಡು ಮಾಡ್ಕಂಡು ಐದೈದು ತುಂಬಿ ಅಭ್ಯಾಸ ಮಾಡಾನ. ಇನ್ನೂ ಒಂದ್ ತಿಂಗ್ಳದೆ ನೀವು ಇರಾದು. ಮುಂದಿ‌ನ್ ಸಲಿ..."

"ಬುಡು ಕಣವ್ವ."

ಅಷ್ಟೇ ಅಂದು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅವರ ಹೆಂಡತಿ ನಿಪ್ಪಟ್ಟನ್ನು ಪೇಪರಿನಲ್ಲಿ ಕಟ್ಟಿ ನನ್ನ ಬ್ಯಾಗಿಗೆ ಹಾಕಿದರು. ನಾನು ಬಸ್ಸಿಗೆ ನಿಂತೆ.

ಸೋಮವಾರ ಶಸ್ತ್ರಾಗಾರಕ್ಕೆ ಹೋದಾಗ ಆ ಮರದ ತುಂಡನ್ನು ಮ್ಯಾಗಜೀನಿನಿಂದ ತೆಗೆದುಬಿಟ್ಟಿದ್ದರು. ಎಲ್ಲಿ ಎಂದು ಕೇಳಿದೆ. ಎಣ್ಣೆ ಚಿಂದಿಯ ಜೊತೆ ಹೋಯಿತು ಎಂದರು. ಬೆಳಗಿನ ಅಭ್ಯಾಸಕ್ಕೆ ಪಿಸ್ತೂಲು ಕೊಡಿ ಎಂದರೆ, ಸಾಹೇಬರ ಅಪ್ಪಣೆ ಸ್ಪರ್ಧೆಯವರೆಗೆ ಮಾತ್ರ ಇತ್ತು ಎಂದರು. ಅದೂ ನಿಜವೇ. ಸಾಹೇಬರು ನನ್ನನ್ನು ಕರೆಸಿ ಬೇಸರಿಸಿಕೊಳ್ಳಬೇಡ ಎಂದು ಎರಡು ಒಳ್ಳೆಯ ಮಾತಾಡಿ, ಮರುದಿನದ ಡ್ಯೂಟಿ ಚೀಟಿಗೆ ಸಹಿ ಹಾಕಿದರು. ಮಳವಳ್ಳಿ ಕೋರ್ಟು. ನಾನು ಮತ್ತೆ ಜಗಲಿಯಲ್ಲಿ ಕುಳಿತೆ. ಒಬ್ಬಳು ವಿಚಾರಣಾ ಕೈದಿ ತನ್ನ ಮಗಳ ಮದುವೆಯ ಕಥೆ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಆ ತಿಂಗಳ ಕೊನೆಗೆ ಅವರ ಬೀಳ್ಕೊಡುಗೆ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ತಟ್ಟೆ ಕೊಟ್ಟರು. ಪೇಟ ಅವರ ಹಣೆಗೆ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ಬಂದೂಕುಗಳನ್ನು ಮಕ್ಕಳಂತೆ ನೋಡಿಕೊಂಡರು ಎಂದು ಸಾಹೇಬರು ಹೊಗಳಿದರು. ಖಾಲಿ ಪಿಸ್ತೂಲಿನ ಮಾತನ್ನು ಯಾರೂ ಎತ್ತಲಿಲ್ಲ. ಬೋಂಡಾದ ಹೆಸರಿಟ್ಟವನು ಕೂಡ ಆ ದಿನ ಏನೂ ಅನ್ನಲಿಲ್ಲ. ಅದು ನನಗೆ ಗೇಲಿಗಿಂತ ಕಷ್ಟವಾಯಿತು.

ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಾನು ಅವರ ಪಕ್ಕಕ್ಕೆ ಹೋದೆ. ಅಷ್ಟರಲ್ಲಿ ಹೊಸದಾಗಿ ಸೇರಿದ ಇಬ್ಬರು ಹೆಣ್ಣು ಪೇದೆಗಳು ಬಂದು ಅವರ ಕಾಲು ಮುಟ್ಟಿದರು. ಒಬ್ಬಳು ಶಿವಪುರದ ಕಡೆಯವಳು, ಮಾತಿನಲ್ಲಿ ಗಟ್ಟಿಗಿತ್ತಿ.

"ಸಾರ್, ನಮ್ಗೂ ಯೋಳ್ಕೊಡಿ ಸಾರ್" ಎಂದಳು. "ಗುಂಡಿಲ್ದೆ ಗುರಿ ಕಲ್ಸ್ತೀರಂತಲ್ಲ. ನೀವು ಇಲ್ಲಿಗ್ ಬರಾದೇ ಬ್ಯಾಡ. ಬಾನುವಾರ ನಾವೇ ಸೋಮ್ನಳ್ಳಿಗ್ ಬತ್ತೀವಿ."

ಅವಳ ಮುಖದಲ್ಲಿ ಗೇಲಿ ಇರಲಿಲ್ಲ. ನನ್ನ ಸರ್ವೀಸಿನಲ್ಲಿ ಯಾರೂ ಅವರನ್ನು ಅಷ್ಟು ಆಸೆಯಿಂದ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನಾನು ಕೂಡ ಜಗಳವಾಡಿಕೊಂಡೇ ಹೋದವಳು. ದಫೇದಾರರು ಪೇಟವನ್ನು ಹಿಂದಕ್ಕೆ ಸರಿಸಿ ಅವಳನ್ನು ಕರುಣೆಯಿಂದ ನೋಡಿದರು.

"ಗುಂಡಿಲ್ದೆ ಬರಾಕಿಲ್ಲ ಕಣವ್ವ" ಎಂದರು. "ನಾನು ಸುಮ್ಕೆ ಅಂಗೆ ಯೋಳ್ಕಂಡ್ ತಿರುಗ್ತಿದ್ದೆ. ಬೇಕಾರೆ ಇವಳ್ನ ಕೇಳು."

ಇಬ್ಬರೂ ನನ್ನ ಕಡೆ ತಿರುಗಿದರು. ಬರುತ್ತದೆ ಎಂದು ಹೇಳಬಹುದಿತ್ತು. ನನಗೆ ಬಂದಿತ್ತು, ಒಂದು ಅಂಗೈಯಗಲದಲ್ಲಿ ಹತ್ತು ತೂತು ಬಿದ್ದಿದ್ದವು, ತಪ್ಪಿದ್ದು ಒಂದು ಸಣ್ಣ ಅಭ್ಯಾಸ, ಅದನ್ನು ತಿದ್ದುವುದು ನನಗೆ ಗೊತ್ತು ಎಂದು ಹೇಳಬಹುದಿತ್ತು. ಆದರೆ ಅದನ್ನು ಹೇಳಲು ಹೊರಟರೆ, ಎರಡು ಗುಂಡು ನೆಲಕ್ಕೆ ಬಿದ್ದದ್ದನ್ನೂ, ಒಂದೊಂದೇ ತುಂಬಿಕೊಟ್ಟವರು ಯಾರು ಎಂಬುದನ್ನೂ ಅಷ್ಟು ಜನರ ನಡುವೆ, ಅವರ ಮುಂದೆಯೇ ಹೇಳಬೇಕಾಗುತ್ತಿತ್ತು. ಒಂದು ಸಲ ನಿಜ ಹೇಳಿ ಏನಾಯಿತೆಂದು ನೋಡಿದ್ದೆ. ದಫೇದಾರರು ತಲೆ ಬಗ್ಗಿಸಿ, ಶಾಲಿನ ಅಂಚಿನ ಜರಿಯನ್ನು ಉಗುರಿನಿಂದ ಕೆರೆಯುತ್ತಾ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹೂಂ" ಎಂದೆ ಆ ಹುಡುಗಿಗೆ. "ಬರಾಕಿಲ್ಲ."